ಡಿವಿಜಿ ಫೇಲಾದ ಕತೆ ಮತ್ತು ಗಣಿಯ ಮಕ್ಕಳು

ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆ ಮಕ್ಕಳ ಮುಂದೆ ಡಿವಿಜಿಯವರ ಹೆಸರು ಬಂದರೆ ಹಿಂದೆಯೇ ಒಂದು ಮಾತು ಬರುತ್ತದೆ: ‘ಮೆಟ್ರಿಕ್ಯುಲೇಶನ್ ಫೇಲಾದವರು, ಆದರೂ ಎಂಥ ದೊಡ್ಡವರಾದರು ನೋಡಿ!’ ಮಾತು ಸುಳ್ಳಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರು ಆ ಪರೀಕ್ಷೆ ದಾಟಲಿಲ್ಲ. ಕೆಲಕಾಲ ಮೇಷ್ಟರಾಗಿದ್ದು, ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದು, ಬೆಂಗಳೂರಿನ ದಾರಿ ಹಿಡಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಇದರಿಂದ ನಾವು ತೆಗೆಯುವ ನೀತಿ ನನಗೆ ಒಪ್ಪಿಗೆಯಿಲ್ಲ: ‘ಬದುಕೇ ಪಾಠಶಾಲೆ, ಇಸ್ಕೂಲಿನಲ್ಲಿ ಏನಿದೆ?’

‘ಜ್ಞಾಪಕ ಚಿತ್ರಶಾಲೆ’ಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಎಂಟು ಸಂಪುಟಗಳ ಈ ನೆನಪಿನ ಬರಹದಲ್ಲಿ ಡಿವಿಜಿ ತಮ್ಮ ಕಷ್ಟದ ಕತೆಯನ್ನು ಮುಂದಿಡುವುದಕ್ಕಿಂತ ತಾವು ಕಂಡ ಮನುಷ್ಯರನ್ನು ಮುಂದಿಡುತ್ತಾರೆ. ಬರೆಯುತ್ತಿರುವವರು ದೊಡ್ಡ ಲೇಖಕರು. ಕೂತಿರುವ ಭಂಗಿ ಮಾತ್ರ ವಿದ್ಯಾರ್ಥಿಯದು. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಬಳಿ ಅವರು ಶಿಸ್ತಾಗಿ ಪಾಠ ಹೇಳಿಸಿಕೊಂಡವರು. ಅವರಿಗೆ ಇಲ್ಲದೇ ಹೋದದ್ದು ಸರ್ಟಿಫಿಕೇಟು, ಗುರುವಲ್ಲ, ಗ್ರಂಥವಲ್ಲ. ಪಂಡಿತರ ಜಗಲಿಯಲ್ಲಿ ಕೂರುವ ಅವಕಾಶವಂತೂ ಹುಟ್ಟಿನಿಂದಲೇ ಇತ್ತು.

ಇಲ್ಲಿಯೇ ನನ್ನ ತಕರಾರು ಇರುವುದು. ಬದುಕು ಪಾಠ ಕಲಿಸುತ್ತದೆ, ಸರಿ. ಯಾರ ಬದುಕು? ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಬಂದ ದಲಿತರು. ಅವರ ಮಕ್ಕಳಿಗೂ ಬದುಕು ಬೇಕಾದಷ್ಟು ಕಲಿಸಿತು. ಮನೆಯಲ್ಲೊಂದು ಭಾಷೆ, ಬೀದಿಯಲ್ಲಿ ಎರಡು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಸಿಡಿದು ನೆಲ ನಡುಗಿದರೆ ಅದರ ಅರ್ಥವೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ಕೆಮ್ಮಿನ ಅರ್ಥವೂ ಹಾಗೆಯೇ.

ಆದರೆ ಆ ಕೆಮ್ಮಿಗೆ ಸಿಲಿಕೋಸಿಸ್ ಎಂಬ ಹೆಸರಿದೆ, ಅದು ಕಲ್ಲಿನ ದೂಳಿನಿಂದ ಬರುತ್ತದೆ, ಅದಕ್ಕೆ ಪರಿಹಾರ ಕೇಳುವ ಹಕ್ಕಿದೆ ಎಂಬುದನ್ನು ಕೆಮ್ಮು ತಾನಾಗಿ ಕಲಿಸುವುದಿಲ್ಲ. ಅದಕ್ಕೆ ಅಕ್ಷರ ಬೇಕು, ಕಾನೂನು ಓದುವ ಕಣ್ಣು ಬೇಕು. ಬದುಕು ನೋವನ್ನು ತಿಳಿಸುತ್ತದೆ. ಕಾರಣ ಕೇಳುವುದನ್ನು ಒಳ್ಳೆಯ ಶಾಲೆ ಕಲಿಸಬೇಕು. ಕಲಿಸದಿದ್ದರೆ ಶಾಲೆಯನ್ನು ಬೈಯೋಣ, ಬಿಡುವುದು ಬೇಡ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರನ್ನು ಕೇಳಿ. ಓದಿಗೆ ಏನು ಬೆಲೆ ಎಂದು ಅವರು ಹೇಳಿಯಾರು.

ಚಿತ್ರಶಾಲೆಗೂ ಒಂದು ಮಿತಿಯಿದೆ. ಅದರ ಸಂಪುಟಗಳಲ್ಲಿ ಸಾಹಿತ್ಯೋಪಾಸಕರಿದ್ದಾರೆ, ಕಲೋಪಾಸಕರಿದ್ದಾರೆ, ಮೈಸೂರಿನ ದಿವಾನರಿದ್ದಾರೆ. ಗಣಿಗೆ ಇಳಿದವರ ಹೆಸರಿನಲ್ಲಿ ಸಂಪುಟವಿಲ್ಲ. ಆ ಚಿತ್ರಗಳನ್ನು ಗಣಿಯ ಮಕ್ಕಳೇ ಬರೆಯಬೇಕು. ಬರೆಯುವುದಕ್ಕೆ ಅನುಭವದ ಕೊರತೆ ಅವರಿಗೆ ಎಂದೂ ಇರಲಿಲ್ಲ.

ಇನ್ನೊಂದು ಸಂಗತಿ. ಡಿವಿಜಿ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು: ಪುಸ್ತಕಕ್ಕೆ, ಉಪನ್ಯಾಸಕ್ಕೆ, ಒಟ್ಟಿಗೆ ಕೂತು ಓದುವುದಕ್ಕೆ ಒಂದು ಮನೆ. ಬದುಕೊಂದೇ ಸಾಕು ಎನ್ನುವವರು ಮಾಡುವ ಕೆಲಸ ಅದಲ್ಲ. ಮಕ್ಕಳಿಗೆ ಅವರು ಫೇಲಾದದ್ದನ್ನು ಹೇಳುವವರು ಇದನ್ನೂ ಸೇರಿಸಿ ಹೇಳಲಿ.