ಈಕೋನಾ, ಬೆಂಜಾ?

ಕಾರು ವಿಮರ್ಶೆಗಳನ್ನ ಓದೀ ಓದೀ ನನಗೊಂದು ಅನುಮಾನ ಬಂದಿದೆ. ಬರೆಯೋರು ಯಾರೂ ಕಾರಿನಲ್ಲಿ ಅಡಿಕೆ ಮೂಟೆ ಹಾಕಿದವರಲ್ಲ. ಮಂಡಿ ನೋವಿನ ಅಮ್ಮನನ್ನು ಹತ್ತಿಸಿ ಇಳಿಸಿದವರೂ ಅಲ್ಲ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಮುಟ್ಟಿದರೆ ಹೇಗಿರುತ್ತೆ, ಇಷ್ಟರಲ್ಲೇ ಮುಗಿಯುತ್ತೆ. ಹಾಗಾಗಿ ಈ ಸಲ ನಾನೇ ಒಂದು ವಿಮರ್ಶೆ ಬರೀತಿದೀನಿ, ಅದೂ ಯಾರೂ ಪಕ್ಕಪಕ್ಕ ಇಟ್ಟು ನೋಡದ ಎರಡು ಗಾಡಿಗಳದ್ದು.

ಆಗಿದ್ದು ಇಷ್ಟು. ಆಫೀಸಿನ ಗೆಳೆಯನೊಬ್ಬ ವಿದೇಶಕ್ಕೆ ಹೊರಟ. ಅವನ ಮರ್ಸಿಡಿಸ್ ಸಿ-ಕ್ಲಾಸ್ ಮಾರಬೇಕಿತ್ತು. 2016ರ ಡೀಸೆಲ್ ಗಾಡಿ, ಒಬ್ಬನೇ ಓಡಿಸಿದ್ದು. "ಊರಿಗೆ ಹೋಗಿಬಾ, ಆಮೇಲೆ ಹೇಳು" ಅಂತ ಕೀ ಕೊಟ್ಟ. ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಮಾರುತಿ ಈಕೋನೂ ಕೂತಿತ್ತು. ಗೆಳೆಯ ಹೇಳಿದ ರೇಟಿನಲ್ಲಿ ಎರಡು ಈಕೋ ಬಂದು ಇನ್ನೂ ದುಡ್ಡು ಮಿಗುತ್ತಿತ್ತು. ನಗಬೇಡಿ. ತೀರ್ಥಹಳ್ಳಿ ಕಡೆಯವರು ನಗಲ್ಲ ಅಂತ ಗೊತ್ತು.

ಮೊದಲು ಬೆಂಜಿನ ಮಾತು. ಬೆಂಗಳೂರು ದಾಟಿ ತುಮಕೂರು ರಸ್ತೆ ಹಿಡಿದ ಮೇಲೆ ನನಗೆ ಅರ್ಥವಾಗಿದ್ದು, ಈ ದುಡ್ಡು ಹೋಗೋದು ವೇಗಕ್ಕಲ್ಲ, ಮೌನಕ್ಕೆ. ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆದರೆ ಅದು ಪಕ್ಕದ ಊರಲ್ಲಿ ಹೊಡೆದ ಹಾಗೆ. ಹಂಪ್ ಬಂದಿದ್ದು ಕಣ್ಣಿಗೆ ಗೊತ್ತಾಗುತ್ತೆ, ಬೆನ್ನಿಗೆ ಗೊತ್ತಾಗಲ್ಲ. ಶಿವಮೊಗ್ಗ ತಲುಪಿದಾಗ ಇಷ್ಟು ದೂರ ಓಡಿಸಿದ ಆಯಾಸವೇ ಇರಲಿಲ್ಲ. ಇಂಥ ಎಂಜಿನಿಯರಿಂಗ್‌ಗೆ ನಾನು ತಲೆಬಾಗ್ತೀನಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಸೆಡಾನ್ ಅನ್ನೋ ಆಕಾರವನ್ನೇ ಸ್ವಲ್ಪ ನೋಡಿ. ಮೂರು ಡಬ್ಬಿ. ಮುಂದೆ ಎಂಜಿನ್, ನಡುವೆ ಜನ, ಹಿಂದೆ ಸಾಮಾನು. ಉದ್ದ 4.7 ಮೀಟರ್ ಹತ್ತಿರ. ಅಷ್ಟು ಉದ್ದದಲ್ಲಿ ಆರಾಮಾಗಿ ಕೂರೋದು ನಾಲ್ಕು ಜನ. ಹಿಂದಿನ ಸೀಟಿನ ನಡುವೆ ನೆಲ ಉಬ್ಬಿದೆ, ಅಲ್ಲಿ ಕೂತವನು ಎರಡು ಕಾಲನ್ನೂ ಉಬ್ಬಿನ ಆಚೆ ಒಂದು, ಈಚೆ ಒಂದು ಇಟ್ಟು ಕುದುರೆ ಸವಾರಿ ಮಾಡಬೇಕು. ಈಕೋ ಅದಕ್ಕಿಂತ ಒಂದು ಮೀಟರ್ ಗಿಡ್ಡ, ಒಂದಡಿ ಕಿರಿದು. ಅದರಲ್ಲಿ ಏಳು ಸೀಟಿನದ್ದೂ ಬರ್ತಿತ್ತು. ತಮಾಷೆ ಅಂದರೆ ಎರಡೂ ಹಿಂದಿನ ಚಕ್ರಕ್ಕೆ ಶಕ್ತಿ ಕೊಡೋ ಗಾಡಿಗಳೇ. ಬೆಂಜಿನವರು ಅದನ್ನು ಚಾಲನೆಯ ಸುಖ ಅಂತ ಮಾರ್ತಾರೆ. ಈಕೋದಲ್ಲಿ ಎಂಜಿನ್ನು ಮುಂದಿನ ಸೀಟಿನ ಅಡಿಗೆ ಹೋಗಿ ಕೂತಿದೆ, ಜಾಗ ಉಳಿಯಲಿ ಅಂತ. ಅದರ ಸುಖ ಏನಂದರೆ ಬೇಸಿಗೆಯಲ್ಲಿ ಡ್ರೈವರ್‌ನ ಕುಂಡೆ ಬೆಚ್ಚಗಾಗೋದು.

ಊರಿನ ಅಂಗಳದಲ್ಲಿ ಅಪ್ಪಯ್ಯ ನಡೆಸಿದ ಪರೀಕ್ಷೆ ಯಾವ ಕಾರು ಪತ್ರಿಕೆಯಲ್ಲೂ ಬರಲ್ಲ. ಮೊದಲು ಒಂದು ಸುತ್ತು ಬಂದರು. ಬಗ್ಗಿ ಅಡಿ ನೋಡಿದರು. ನಮ್ಮ ಮನೆಗೆ ಇಳಿಯೋ ಚರಳು ದಾರಿಯಲ್ಲಿ ಗಾಡಿಯ ಹೊಟ್ಟೆ ಎರಡು ಸಲ ತಾಗಿದ್ದನ್ನು ಅವರು ಜಗಲಿಯಿಂದಲೇ ಕೇಳಿಸಿಕೊಂಡಿದ್ದರು. ಆಮೇಲೆ ಡಿಕ್ಕಿ ತೆಗೆಸಿದರು. ಈ ಗಾಡಿಯಲ್ಲಿ ಸ್ಟೆಪ್ನಿಗೆ ಬೇರೆ ಗುಂಡಿ ಇಲ್ಲ, ಡಿಕ್ಕಿಯ ಒಳಗೇ ಮಲಗಿದೆ.

"ಇದೆಂತ ಮಾರಾಯ, ಡಿಕ್ಕಿ ತುಂಬ ಸ್ಟೆಪ್ನಿಯೇ ಉಂಟಲ್ಲ. ಮೂಟೆ ತಲೆ ಮೇಲೆ ಇಟ್ಕೊಳ್ಳೋದಾ?"

ಅಮ್ಮ ಹಿಂದಿನ ಸೀಟಿಗೆ ಕೂತಿದ್ದಲ್ಲ, ಬಿದ್ದಿದ್ದು. ಅಷ್ಟು ತಗ್ಗು. ಇಳಿಯೋವಾಗ ನಾನೊಂದು ಕೈ, ತಂಗಿಯೊಂದು ಕೈ ಹಿಡಿದು ಎಳೆದೆವು. ಮಾರನೇ ದಿನ ಕೆಳಮನೆ ಮಾವನ ಅಳಿಯನ ಈಕೋ ತರಿಸಿ ಅದಕ್ಕೂ ಹತ್ತಿಸಿದೆ. ಅಲ್ಲಿ ಹತ್ತೋ ಮೆಟ್ಟಿಲು ಎತ್ತರ, ಅದೂ ಸುಲಭ ಅಂತ ಸುಳ್ಳು ಹೇಳಲ್ಲ. ಆದರೆ ಒಂದು ಸಲ ಹತ್ತಿದರೆ ಕುರ್ಚಿ ಮೇಲೆ ಕೂತ ಹಾಗೆ, ಕಾಲು ಕೆಳಗೆ ಬಿಟ್ಟು. ಜಾರು ಬಾಗಿಲಾದ್ದರಿಂದ ಕೊಟ್ಟಿಗೆ ಗೋಡೆಗೆ ಒತ್ತಿ ನಿಲ್ಲಿಸಿದರೂ ಇಳೀಬಹುದು. ಬೈಗುಳವೂ ಇದೆ: ಪವರ್ ಸ್ಟೀರಿಂಗ್ ಇಲ್ಲ, ಊರಿನ ತಿರುವುಗಳಲ್ಲಿ ರಟ್ಟೆ ನೋಯುತ್ತೆ. ಬಾಗಿಲು ಹಾಕಿದರೆ ಎಣ್ಣೆ ಡಬ್ಬದ ಮುಚ್ಚಳ ಹಾಕಿದ ಸದ್ದು.

ಈ ಗಾಡಿಗೆ ಒಂದು ಇತಿಹಾಸ ಇದೆ. 2001ರಲ್ಲಿ ಮಾರುತಿ ವರ್ಸಾ ಅಂತ ಒಂದು ವ್ಯಾನು ತಂತು. ಎರಡು ಎ.ಸಿ., ಜಾಹೀರಾತಿಗೆ ಅಮಿತಾಭ್ ಮತ್ತು ಅಭಿಷೇಕ್ ಬಚ್ಚನ್. ಜನ ತಗೊಳ್ಳಲಿಲ್ಲ. ವ್ಯಾನನ್ನು ಐಷಾರಾಮಿ ಅಂತ ಹೇಳಿದರೆ ನಮ್ಮವರು ನಂಬಲ್ಲ. ಅದೇ ಗಾಡಿಯ ಒಡವೆ ಎಲ್ಲ ಬಿಚ್ಚಿ, ರೇಟು ಇಳಿಸಿ, 2010ರಲ್ಲಿ ಈಕೋ ಅಂತ ಬಿಟ್ಟರು. ಮಾರಾಟ ಹತ್ತು ಲಕ್ಷ ದಾಟಿತು. ಆದರೂ ಅದನ್ನು ಕೊಂಡ ಯಾರೂ "ನನ್ನ ಕಾರು" ಅನ್ನಲ್ಲ, "ಗಾಡಿ" ಅಂತಾರೆ. ಬೆಂಜು ಮಾತ್ರ ಎಷ್ಟು ಹಳೇದಾದರೂ ಬೆಂಜೇ. ಸಿನಿಮಾದವರ ಪಾಲೂ ಇದರಲ್ಲಿದೆ. ಹೀರೋಯಿನ್‌ನ ಅಪ್ಪ ಇಳಿಯೋದು ಉದ್ದ ಕಾರಿಂದ, ಹೀರೋಯಿನ್‌ನ ಎತ್ತಾಕ್ಕೊಂಡು ಹೋಗೋದು ಓಮ್ನಿಯಲ್ಲಿ.

ನಮ್ಮನೆಯಲ್ಲಿ ಓಮ್ನಿಗೆ ಬೇರೆ ಅರ್ಥ ಇದೆ. 2000ದ ಮಳೆಗಾಲ, ನಾನು ಎಂಟನೇ ಕ್ಲಾಸು. ಕೊನೆಗಾರ ಬರಲಿಲ್ಲ ಅಂತ ಅಪ್ಪಯ್ಯ ತಾವೇ ಮರ ಹತ್ತಿ ಅಡಿಕೆಗೆ ಔಷಧಿ ಹೊಡೀತಿದ್ದರು. ಜಾರಿ ಬಿದ್ದರು. ಸೊಂಟ. ಕೆಳಮನೆ ಮಾವ ಓಮ್ನಿಯ ಹಿಂದಿನ ಸೀಟು ಬಿಚ್ಚಿ ಜಗಲಿ ಮೇಲೆ ಎಸೆದರು. ಕಂಬಳಿ ಹಾಸಿ ಅಪ್ಪಯ್ಯನನ್ನ ಉದ್ದಕ್ಕೆ ಮಲಗಿಸಿದೆವು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು, ಎದುರಿಗೆ ಏನೂ ಕಾಣದ ಮಳೆ, ನಾನು ನೆಲದ ಮೇಲೆ ಕೂತು ಅವರ ತಲೆ ಹಿಡ್ಕೊಂಡಿದ್ದೆ. ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು, "ಕೂರಿಸಿಕೊಂಡು ತಂದ್ರಾ, ಮಲಗಿಸಿಕೊಂಡು ತಂದ್ರಾ?" ಅಪ್ಪಯ್ಯ ಇವತ್ತು ಸ್ವಲ್ಪ ಕುಂಟ್ತಾರೆ, ಆದರೆ ನಡೀತಾರೆ. ಮನುಷ್ಯನನ್ನು ಉದ್ದಕ್ಕೆ ಮಲಗಿಸೋಕೆ ಆ ದಿನ ಮನೆ ಮುಂದೆ ಯಾವ ಸೆಡಾನ್ ನಿಂತಿದ್ದರೂ ಆಗ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ವ್ಯಾನೇ ಗೆದ್ದಿತು ಅಂತ ಚಪ್ಪಾಳೆ ಸಿಗ್ತಿತ್ತು. ಆದರೆ ನಾನು ಎಂಜಿನಿಯರಿಂಗ್ ಓದಿದವನು, ಗೊತ್ತಿರೋದನ್ನ ಗೊತ್ತಿಲ್ಲದ ಹಾಗೆ ಇರೋಕೆ ಆಗಲ್ಲ. ಆ ಓಮ್ನಿಯಲ್ಲಿ ಮಾವನ ಮಂಡಿಗೂ ಎದುರಿನ ಲಾರಿಗೂ ನಡುವೆ ಇದ್ದದ್ದು ಹೆಡ್‌ಲೈಟು ಮತ್ತು ಒಂದು ತಗಡು. ಹೊಸ ಸುರಕ್ಷತಾ ನಿಯಮಕ್ಕೆ ಹೊಂದಿಸೋಕೆ ಆಗದೆ 2019ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಈಕೋಗೆ ಚೂರು ಮೂಗು ಇದೆ ಅಷ್ಟೆ. ಏರ್‌ಬ್ಯಾಗ್ ಇಲ್ಲದ ಈಕೋವನ್ನು 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಬಂದ ಸ್ಟಾರು ಸೊನ್ನೆ. ಆಮೇಲೆ ಏರ್‌ಬ್ಯಾಗ್ ಬಂದಿವೆ, ಕಾನೂನು ಬಂತಲ್ಲ, ಅದಕ್ಕೆ. ಆದರೆ ಗಾಳಿಚೀಲ ಇಟ್ಟ ಮಾತ್ರಕ್ಕೆ ಒಳಗಿನ ಎಲುಬು ಗಟ್ಟಿ ಆಗಲ್ಲ. ಈ ತಲೆಮಾರಿನ ಸಿ-ಕ್ಲಾಸ್‌ಗೆ ಯುರೋ ಎನ್‌ಕ್ಯಾಪ್ 2014ರಲ್ಲಿ ಐದು ಸ್ಟಾರ್ ಕೊಟ್ಟಿದೆ. ಎರಡೂ ಬೇರೆ ಬೇರೆ ಪರೀಕ್ಷೆ, ನೇರ ಹೋಲಿಸೋದು ತಪ್ಪು, ಒಪ್ಪಿದೆ. ಆದರೆ ಸೊನ್ನೆ ಸೊನ್ನೆಯೇ.

ನನ್ನ ನಿಜವಾದ ಸಿಟ್ಟು ಇಲ್ಲಿದೆ. ಜನ ಹೊರೋ ಗಾಡಿ ಬೇರೆ, ಜೀವ ಉಳಿಸೋ ಗಾಡಿ ಬೇರೆ ಅಂತ ಯಾರು ಮಾಡಿದ್ದು? ಈಕೋ ಓಡೋದು ಎಲ್ಲಿ ನೋಡಿ. ಸ್ಕೂಲ್ ಮಕ್ಕಳು, ಮದುವೆ ದಿಬ್ಬಣ, ಆಂಬುಲೆನ್ಸು. ಅತಿ ಹೆಚ್ಚು ಜೀವ ತುಂಬಿಕೊಳ್ಳೋ ಗಾಡಿಗೇ ತೆಳು ತಗಡು. ಒಬ್ಬನೇ ಕೂತು ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ನನ್ನಂಥವನಿಗೆ ಏಳು ಏರ್‌ಬ್ಯಾಗು. ನಮ್ಮ ಕಂಪನಿಯಲ್ಲಿ ಹೀಗೆ ಡಿಸೈನ್ ಮಾಡಿದರೆ ರಿವ್ಯೂನಲ್ಲೇ ವಾಪಸ್ ಕಳಿಸ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿ ಜಗಲಿಯಲ್ಲಿ ಕೂತು ಹೇಳಿದರೆ ಅಪ್ಪಯ್ಯ ಉಲ್ಟಾ ಹೊಡೆದರು. "ನೀನು ಬೆಂಜೇ ತಗೊ. ನಮಗೆ ಬೇಕಾದಾಗ ಕೆಳಮನೆ ಓಮ್ನಿ ಉಂಟಲ್ಲ." ಮೂಟೆ ಹಿಡಿಸಲ್ಲ ಅಂತ ಬೈದ ಬಾಯಿಯೇ ಇದು. ಬೆಂಜು ಬಂದ ಸಂಜೆ ಮೂರು ಮನೆಯವರು ಕಾಫಿಗೆ ಬಂದಿದ್ದರು, ಅಪ್ಪಯ್ಯ ಪಂಚೆ ಬದಲಾಯಿಸಿ ಕೂತಿದ್ದನ್ನ ನಾನೂ ನೋಡಿದ್ದೆ. ಮಗ ಬೆಂಜಿನಲ್ಲಿ ಬಂದ ಅನ್ನೋದರಲ್ಲಿ ಅವರ ಸೊಂಟದ ನೋವಿಗೂ ಒಂದು ಪಾಲಿದೆ. ಅದನ್ನು ಶೋಕಿ ಅಂತ ತಳ್ಳಿಹಾಕೋಕೆ ನನಗೆ ಬಾಯಿ ಬರಲಿಲ್ಲ.

ಕೆಳಮನೆಯ ಹಳೇ ಓಮ್ನಿ ಹದಿನೈದು ವರ್ಷದ ರಿಜಿಸ್ಟ್ರೇಷನ್ ಮುಗಿಸಿ, ಮತ್ತೊಮ್ಮೆ ರಿನ್ಯೂ ಆಗಿ, ಈಗ ನೆಲಕ್ಕೆ ತೂತು ಬಿದ್ದು ನಿಂತಿದೆ ಅಂತ ಅಪ್ಪಯ್ಯನಿಗೂ ಗೊತ್ತು, ನನಗೂ ಗೊತ್ತು.

ಗೆಳೆಯನಿಗೆ ಕೀ ವಾಪಸ್ ಕೊಟ್ಟೆ. ಬೆಂಗಳೂರಲ್ಲಿ ನನಗೆ ಈಗಿರೋ ಹಳೇ ಸ್ವಿಫ್ಟೇ ಸಾಕು. ಈಕೋ ಊರಿಗೆ, ಅಪ್ಪಯ್ಯನ ಹೆಸರಲ್ಲಿ, ಓಡಿಸೋಕೆ ಕೆಳಮನೆ ಅಳಿಯ. ಪೇಟೆ, ಮಂಡಿ, ಆಸ್ಪತ್ರೆ ಅಷ್ಟೇ, ಹೈವೇಗೆ ತರೋ ಹಾಗಿಲ್ಲ, ಎಲ್ಲರೂ ಬೆಲ್ಟ್ ಹಾಕಬೇಕು ಅಂತ ಕಂಡೀಷನ್ ಹಾಕಿದೀನಿ. ಭಯ ಹೋಗಿದೆ ಅಂತಲ್ಲ. ಬುಕ್ ಮಾಡಿದ ದಿನ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಬಣ್ಣ ಎಂತದ್ದು ಹೇಳಿದೆ?"

"ಇನ್ನೂ ಹೇಳಿಲ್ಲ ಅಪ್ಪಯ್ಯ."

"ಬಿಳೀದು ಬ್ಯಾಡ. ಆಂಬುಲೆನ್ಸ್ ಬಂತು ಅಂತಾರೆ."