ರಾಣಿ ಇಲ್ಲದ ಪಟ

2002ರ ಅಕ್ಟೋಬರ್. ಬಹರೇನ್‌ನಲ್ಲಿ ವ್ಲಾಡಿಮಿರ್ ಕ್ರಾಮ್ನಿಕ್‌ಗೂ ಡೀಪ್ ಫ್ರಿಟ್ಜ್ ಎಂಬ ಚೆಸ್ ಪ್ರೋಗ್ರಾಂಗೂ ಎಂಟು ಆಟಗಳ ಪಂದ್ಯ. ಎರಡನೆಯ ಆಟದಲ್ಲಿ ಎಂಟನೇ ನಡೆಗೆಲ್ಲ ಎರಡೂ ರಾಣಿಯರು ಪಟ ಬಿಟ್ಟಿದ್ದರು. ಮರುನಡೆಯಲ್ಲೇ ಕ್ರಾಮ್ನಿಕ್, ಕ್ಯಾಸ್ಲಿಂಗ್ ಮಾಡಿ ಮೂಲೆಯತ್ತ ಸೇರಿಸಿದ್ದ ರಾಜನನ್ನು ನಡುವಿನ ಕಡೆಗೆ ಒಂದು ಮನೆ ಸರಿಸಿದರು. ರಾಣಿ ಹೋದ ಮೇಲೆ ರಾಜ ಅಡಗಿ ಕೂರಬೇಕಿಲ್ಲ, ಅವನೂ ದುಡಿಯುವ ಕಾಯಿ ಎಂಬ ತಿಳಿವು ಆ ಪುಟ್ಟ ನಡೆಯಲ್ಲಿದೆ. ಫ್ರಿಟ್ಜ್ ಮಾಡಿದ್ದೇನು? ಎಂಟನೇ ನಡೆಯಲ್ಲಿ ಹೊರಬಂದಿದ್ದ ಒಂಟೆಯನ್ನು ಹನ್ನೆರಡನೆಯದರಲ್ಲಿ ಹೊರಟ ಮನೆಗೇ ವಾಪಸು ಕಳಿಸಿತು. ಆ ಆಟ ಸೋತಿತು, ಮೂರನೆಯದನ್ನೂ ಸೋತಿತು.

ಅಂದಿನ ಪ್ರೋಗ್ರಾಂಗಳು ಒಂದು ಆಳದವರೆಗೆ ನಡೆಗಳನ್ನು ಹುಡುಕಿ, ಅಲ್ಲಿ ನಿಂತು ಸ್ಥಿತಿಗೆ ಅಂಕ ಹಾಕುತ್ತಿದ್ದವು. ಆಟದ ಕೊನೆಯ ಹಂತವಾದ ಎಂಡ್‌ಗೇಮ್‌ನ ಫಲ ಇರುವುದು ಆ ಗೆರೆಯಾಚೆ. ಇಂದು ದೂಡಿದ ಕಾಲಾಳು ರಾಣಿಯಾಗಲು ಇಪ್ಪತ್ತು ನಡೆ ಬೇಕಾಗಬಹುದು. ನುರಿತ ಆಟಗಾರ ಅಷ್ಟನ್ನೆಲ್ಲ ಎಣಿಸುವುದಿಲ್ಲ. ಯಾವ ಕಾಯಿ ಕಡೆಗೆ ಎಲ್ಲಿ ನಿಲ್ಲಬೇಕೆಂದು ಮೊದಲು ಕಾಣುತ್ತಾನೆ, ಆಮೇಲೆ ದಾರಿ ಹುಡುಕುತ್ತಾನೆ.

ಎದುರಾಳಿಯ ಒಂಟಿ ರಾಜನ ಮುಂದೆ ನಿಮಗೆ ಒಂದು ಒಂಟೆ, ಅಂಚುಸಾಲಿನ ಒಂದು ಕಾಲಾಳು ಹೆಚ್ಚಿವೆ ಎನ್ನಿ. ಕಾಲಾಳು ರಾಣಿಯಾಗುವ ಮೂಲೆಯ ಮನೆ ಒಂಟೆಯ ಬಣ್ಣದ್ದಲ್ಲದೆ, ಎದುರಾಳಿಯ ರಾಜ ಅಲ್ಲಿ ಬಂದು ಕೂತರೆ ಆಟ ಡ್ರಾ. ಕ್ಲಬ್ಬಿನ ಮಕ್ಕಳಿಗೂ ಗೊತ್ತಿರುವ ಈ ಸಂಗತಿ, ವಿಶೇಷವಾಗಿ ಹೇಳಿಕೊಡದ ಹಳೆಯ ಪ್ರೋಗ್ರಾಂಗೆ ನಾಲ್ಕು ಅಂಕದ ಮುನ್ನಡೆಯಾಗಿ ಕಾಣುತ್ತಿತ್ತು.

ಪಂದ್ಯ ಮುಗಿದದ್ದು ಮಾತ್ರ 4–4ರಲ್ಲಿ. 3–1ರಿಂದ ಮುಂದಿದ್ದ ಕ್ರಾಮ್ನಿಕ್ ಐದನೆಯದರಲ್ಲಿ ಎಡವಿದರು. ಆರನೆಯದರಲ್ಲಿ ಕುದುರೆ ಬಲಿಕೊಟ್ಟು ದಾಳಿಗಿಳಿದು ಸೋತರು. ರಾಣಿಯರಿಲ್ಲದ ಬಯಲಿನಲ್ಲೇ ಅವರು ಉಳಿಯಬೇಕಿತ್ತು.

ಎಂಡ್‌ಗೇಮ್‌ನಲ್ಲಿ ಪ್ರೋಗ್ರಾಂಗಳಿಗಿದ್ದ ಕೊರತೆಗೆ ಸಿಕ್ಕ ಮದ್ದು ಟೇಬಲ್‌ಬೇಸ್: ಮೇಟ್‌ನಿಂದ ಹಿಂದಕ್ಕೆ ಎಣಿಸುತ್ತ ಪ್ರತಿ ಸ್ಥಿತಿಯ ಫಲಿತಾಂಶ ಬರೆದಿಡುವ ಕೆಲಸ. ಅದರ ಹಿರಿಮೆ ಸಣ್ಣದಲ್ಲ. ಎರಡು ಒಂಟೆಗಳ ಎದುರು ಒಂಟಿ ಕುದುರೆ ಉಳಿದುಕೊಳ್ಳುತ್ತದೆ ಎಂಬ 19ನೇ ಶತಮಾನದ ನಂಬಿಕೆಯನ್ನು ಕೆನ್ ಥಾಂಪ್ಸನ್ 1980ರ ದಶಕದಲ್ಲಿ ಹೀಗೆಯೇ ಮುರಿದರು. 2012ರ ಹೊತ್ತಿಗೆ ಮಾಸ್ಕೋದ ಲೊಮೊನೊಸೊವ್ ಟೇಬಲ್‌ಬೇಸ್ ಏಳು ಕಾಯಿಗಳವರೆಗೆ ತಲುಪಿತು. ಎಂಟನೆಯ ಕಾಯಿ ಪಟದಲ್ಲಿದ್ದರೆ ಆ ಪಟ್ಟಿ ಏನನ್ನೂ ಹೇಳದು.

ಇಂದಿನ ಎಂಜಿನ್‌ಗಳನ್ನು ಪಂದ್ಯದಲ್ಲಿ ಮಣಿಸಬಲ್ಲ ಮನುಷ್ಯರಿಲ್ಲ. ಆದರೆ ಕಾಲಾಳುಗಳು ಒಂದಕ್ಕೊಂದು ಬಿಗಿದುಕೊಂಡು, ರಾಜ ಒಳನುಗ್ಗುವ ದಾರಿಯೇ ಮುಚ್ಚಿಹೋದ ಕೋಟೆಗಳ ಮುಂದೆ ಅವೂ ಎಷ್ಟೋ ಬಾರಿ ಮುನ್ನಡೆಯ ಅಂಕ ತೋರಿಸುತ್ತ, 50 ನಡೆಗಳ ನಿಯಮ ಹತ್ತಿರವಾಗುವ ತನಕ ಆನೆಯನ್ನು ಅತ್ತಿಂದಿತ್ತ ಸರಿಸುತ್ತಲೇ ಇರುತ್ತವೆ.