ಒಂದೇ ರಸ್ತೆಯ ಊರಿಗೆ ರಾಷ್ಟ್ರಪತಿ ಬಂದಾಗ

2025ರ ಡಿಸೆಂಬರ್ 28ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಕಾರವಾರ ಬಂದರಿನಿಂದ ಐಎನ್‌ಎಸ್ ವಾಗ್‌ಶೀರ್ ಜಲಾಂತರ್ಗಾಮಿಯಲ್ಲಿ ಕಡಲಿಗಿಳಿದರು. 2006ರ ಫೆಬ್ರವರಿಯಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಸಿಂಧುರಕ್ಷಕ್ ಏರಿದ್ದರು. ಅವರ ನಂತರ ಜಲಾಂತರ್ಗಾಮಿಯಲ್ಲಿ ಪಯಣಿಸಿದ ರಾಷ್ಟ್ರಪತಿ ಮುರ್ಮು ಅವರೇ. ಅರಗಾ ಸೇರಿ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಂಡೆ ಬಿಟ್ಟು ಎದ್ದ ಮೇಲೆ ನಿಂತ ನೌಕಾನೆಲೆ ಇದು. ಇಲ್ಲಿಗೆ ದೇಶದ ಮೊದಲ ಪ್ರಜೆ ಬರುವುದು ಕಾರವಾರಿಗರಿಗೆ ಹೆಮ್ಮೆಯ ಸಂಗತಿ. ಆ ಹೆಮ್ಮೆ ಇರುವುದರಿಂದಲೇ ಒಂದು ಪದ್ಧತಿಯನ್ನು ಒರೆಗೆ ಹಚ್ಚುವ ಹಕ್ಕೂ ನಮಗಿದೆ. ಗಣ್ಯರು ಬರುವಾಗ ಜನರ ಓಡಾಟವನ್ನು ಆಡಳಿತ ಹೇಗೆ ನಿಭಾಯಿಸುತ್ತದೆ ಎಂಬುದೇ ಆ ಪದ್ಧತಿ.

ಭದ್ರತೆ ಬೇಡವೆಂದು ಯಾರೂ ಹೇಳಲಾರರು. ಈ ನೌಕಾನೆಲೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಹಾಕಿದ ರಾಜೀವ್ ಗಾಂಧಿಯವರೇ 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ಬಾಂಬಿಗೆ ಬಲಿಯಾದರು. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿಯವರ ರಕ್ಷಣೆಗೆ ಕೇಂದ್ರ ಗೃಹ ಸಚಿವಾಲಯ ರೂಪಿಸಿದ ಕೈಪಿಡಿಯನ್ನು ಪೊಲೀಸರು ‘ಬ್ಲೂ ಬುಕ್’ ಎನ್ನುತ್ತಾರೆ. ಮಾರ್ಗ ಗೊತ್ತುಮಾಡುವುದು, ಬದಲಿ ಮಾರ್ಗ ಸಿದ್ಧವಿಡುವುದು, ಬೆಂಗಾವಲು ಪಡೆಯ ತಾಲೀಮು, ಇವೆಲ್ಲ ಇಂಥ ಸಿದ್ಧತೆಯ ಭಾಗ. ಅತಿಥಿಯ ಮಟ್ಟಿಗೆ ಈ ಯೋಜನೆಯಲ್ಲಿ ಕುಂದು ಹುಡುಕುವುದು ಕಷ್ಟ. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಸಾಗಬೇಕಾದ ಉಳಿದವರಿಗೆ ಅಷ್ಟೇ ಕಾಳಜಿಯ ಯೋಜನೆ ಕಾಣುವುದಿಲ್ಲ. ನನ್ನ ಆಕ್ಷೇಪ ಇರುವುದು ಇಲ್ಲೇ.

ಬೆಂಗಳೂರಿನಲ್ಲಿ ಒಂದು ರಸ್ತೆ ಮುಚ್ಚಿದರೆ ಇನ್ನೊಂದು ಸಿಗುತ್ತದೆ. ಕಾರವಾರದ ಕೋಡಿಬಾಗದಲ್ಲಿ ಸಿಗುವುದಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ಮುಂದೆ ಕಾಳಿ ನದಿ. ನಡುವೆ ರಾಷ್ಟ್ರೀಯ ಹೆದ್ದಾರಿ 66. ಸದಾಶಿವಗಡಕ್ಕೆ, ಮಾಜಾಳಿಗೆ, ಗೋವೆಗೆ ಹೋಗುವವರೆಲ್ಲ ಕಾಳಿ ಸೇತುವೆಯನ್ನೇ ದಾಟಬೇಕು. ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು. ಅಲ್ಲಿಂದ ಎರಡೂ ದಿಕ್ಕಿನ ಭಾರ ಹೊಸ ಸೇತುವೆಯ ಮೇಲೆ ಬಿದ್ದಿತು. ಕಾಳಿಯ ಮೇಲ್ಭಾಗಕ್ಕೆ, ಕದ್ರಾ ಕಡೆಗೆ ಸುತ್ತಿ ಬರುವುದು ತುರ್ತಿನಲ್ಲಿದ್ದವರಿಗೆ ಆಗದ ಮಾತು. ಅಂಕೋಲೆಯ ಕಡೆಗೆ ಹೊರಟರೂ ಬಿಣಗಾ, ಅರಗಾ ದಾಟಿ ಅದೇ ಹೆದ್ದಾರಿಯಲ್ಲಿ, ನೌಕಾನೆಲೆಯ ಪಕ್ಕದಲ್ಲೇ ಹೋಗಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಈ ಒಂದು ದಾರಿ ಕಡಿದುಹೋದರೆ ಕರಾವಳಿಯ ಬದುಕು ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯ ನೋಡಿತು. ಗುಡ್ಡ ಕುಸಿಯುವುದು ಹೇಳಿ ಕೇಳಿ ಬರುವುದಿಲ್ಲ. ಗಣ್ಯರ ಭೇಟಿ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಅದರ ತೊಂದರೆಗೆ ಅನಿವಾರ್ಯವೆಂಬ ನೆಪ ಹೇಳಲು ಬರುವುದಿಲ್ಲ.

ಇಲ್ಲಿ ರಸ್ತೆಯ ಪ್ರಶ್ನೆಯೇ ಆಸ್ಪತ್ರೆಯ ಪ್ರಶ್ನೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ಗಂಭೀರ ಸ್ಥಿತಿಯ ರೋಗಿಗಳನ್ನು ಗೋವೆಯ ಬಾಂಬೋಳಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕರೆದೊಯ್ಯುವುದು ತಪ್ಪಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅಂಥ ಜಿಲ್ಲೆಯಲ್ಲಿ ಸೇತುವೆಯ ಬಾಯಲ್ಲಿ ಆಂಬುಲೆನ್ಸ್ ಅರ್ಧ ಗಂಟೆ ನಿಂತರೆ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ವಿಮಾನ ಪ್ರಯಾಣದ ಕಥೆಯೂ ಇದಕ್ಕೇ ಹೆಣೆದುಕೊಂಡಿದೆ. ನಮಗೆ ಹತ್ತಿರದ, ಗೋವೆಯ ದಾಬೋಳಿ ವಿಮಾನ ನಿಲ್ದಾಣ ನೌಕಾಪಡೆಯ ಐಎನ್‌ಎಸ್ ಹಂಸದ ನೆಲ. ಅಲ್ಲಿರುವುದು ಒಂದೇ ರನ್‌ವೇ. ಗಣ್ಯರ ವಿಮಾನ ಇಳಿಯುವಾಗ, ಏರುವಾಗ ಉಳಿದ ವಿಮಾನಗಳು ನೆಲದಲ್ಲಿ ಕಾಯುತ್ತವೆ, ಇಲ್ಲವೇ ಆಕಾಶದಲ್ಲಿ ಸುತ್ತುತ್ತವೆ. ಒಂದು ವಿಮಾನದ ವಿಳಂಬ ಅದೇ ವಿಮಾನದ ಮುಂದಿನ ಊರುಗಳಿಗೂ ಹಬ್ಬುತ್ತದೆ. ಆದರೂ ಆಕಾಶದಲ್ಲಿ ಒಂದು ಶಿಸ್ತಿದೆ. ನಿರ್ಬಂಧದ ವೇಳೆಯನ್ನು ಪೈಲಟ್‌ಗಳಿಗೆ ಲಿಖಿತವಾಗಿ ಮೊದಲೇ ತಿಳಿಸುತ್ತಾರೆ, ಸಂಕಟದಲ್ಲಿರುವ ವಿಮಾನಕ್ಕೆ ಮೊದಲ ದಾರಿ ಕೊಡುತ್ತಾರೆ. ನೆಲದ ಮೇಲಿನ ಪ್ರಯಾಣಿಕನಿಗೆ ಈ ಎರಡರ ಖಾತರಿಯೂ ಇಲ್ಲ. ವಿಮಾನ ಸರಿಯಾದ ಹೊತ್ತಿಗೇ ಹಾರಿದರೂ ಕಾಳಿಯ ಈಚೆ ಸಿಕ್ಕಿಬಿದ್ದವನಿಗೆ ಅದು ತಪ್ಪಿಹೋಗುತ್ತದೆ. ನಾಳೆ ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ ಬಂದು, ಅಲ್ಲಿಂದ ನಾಗರಿಕ ವಿಮಾನಗಳೂ ಹಾರತೊಡಗಿದರೆ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬರುತ್ತದೆ.

ಭದ್ರತೆಯೂ ಜೀವದಯೆಯೂ ಒಟ್ಟಿಗೆ ನಡೆಯಬಲ್ಲವು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 2017ರ ಜೂನ್ 17ರಂದು ಮೆಟ್ರೊ ಹಸಿರು ಮಾರ್ಗದ ಉದ್ಘಾಟನೆಗೆ ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬೆಂಗಳೂರಿಗೆ ಬಂದಿದ್ದರು. ಟ್ರಿನಿಟಿ ವೃತ್ತದಲ್ಲಿ ಸಂಚಾರ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಎಂ.ಎಲ್. ನಿಜಲಿಂಗಪ್ಪ ರಾಷ್ಟ್ರಪತಿಯ ವಾಹನ ಸಾಲನ್ನು ತಡೆದು ಆಂಬುಲೆನ್ಸ್‌ಗೆ ದಾರಿ ಬಿಟ್ಟರು. ಇಲಾಖೆ ಅವರಿಗೆ ಬಹುಮಾನ ಕೊಟ್ಟಿತು. ರಾಷ್ಟ್ರಪತಿಯ ಘನತೆಗೆ ಅದರಿಂದ ಕುಂದು ಬರಲಿಲ್ಲ, ಹೆಚ್ಚಿತು. ನಾಲ್ಕು ವರ್ಷದ ನಂತರ, 2021ರ ಜೂನ್‌ನಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಕಾನ್ಪುರಕ್ಕೆ ಬಂದಾಗ ತಡೆದ ಸಂಚಾರದಲ್ಲಿ ಸಿಕ್ಕಿಕೊಂಡ ಅಸ್ವಸ್ಥ ಮಹಿಳೆಯೊಬ್ಬರು ತೀರಿಕೊಂಡರು. ರಾಷ್ಟ್ರಪತಿ ದುಃಖ ವ್ಯಕ್ತಪಡಿಸಿದರು, ಪೊಲೀಸರು ಕ್ಷಮೆ ಕೇಳಿದರು. ಹೋದ ಜೀವ ಬರಲಿಲ್ಲ. ಎರಡೂ ಕಡೆ ಅತಿಥಿಯ ಸ್ಥಾನಮಾನ ಒಂದೇ, ಭದ್ರತೆಯ ಕೈಪಿಡಿಯೂ ಒಂದೇ. ಬೆಂಗಳೂರಿನಲ್ಲಿ ಒಬ್ಬ ಅಧಿಕಾರಿಗೆ ತಕ್ಷಣ ತೀರ್ಮಾನಿಸುವ ಧೈರ್ಯವಿತ್ತು. ಆದರೆ ಜನರ ಪ್ರಾಣ ಒಬ್ಬ ಅಧಿಕಾರಿಯ ಧೈರ್ಯವನ್ನು ನೆಚ್ಚಿಕೊಂಡಿರಬಾರದು. ಆಂಬುಲೆನ್ಸ್‌ಗೆ ದಾರಿ ಬಿಡುವುದು ಬರೆದಿಟ್ಟ ನಿಯಮವಾಗಬೇಕು.

ಕಾನೂನಿನ ಆಶಯವೂ ಇದೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆಂಬುಲೆನ್ಸ್‌ಗೆ ದಾರಿ ಬಿಡದ ಚಾಲಕನಿಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ರಿಕ್ಷಾ ಚಾಲಕನಿಂದ ಬಯಸುವ ಈ ನಡತೆಯನ್ನು ಬ್ಯಾರಿಕೇಡ್ ಹಾಕುವ ಆಡಳಿತವೂ ಪಾಲಿಸಬೇಕು. ತಮ್ಮ ಸಂಚಾರಕ್ಕೆ ‘ಝೀರೋ ಟ್ರಾಫಿಕ್’ ಬೇಡವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ 2023ರ ಮೇ ತಿಂಗಳಲ್ಲಿ ಹೇಳಿದ್ದು ಒಳ್ಳೆಯ ಹೆಜ್ಜೆ. ಆದರೆ ಒಬ್ಬರ ಔದಾರ್ಯ ಅವರ ಅಧಿಕಾರಾವಧಿಗೆ ಮುಗಿಯುತ್ತದೆ.

ನನ್ನ ತೀರ್ಪು ಇಷ್ಟು. ಅತಿಥಿಯನ್ನು ಕಾಯುವ ಕೆಲಸದಲ್ಲಿ ಈ ಪದ್ಧತಿ ಗೆದ್ದಿದೆ, ಆತಿಥೇಯರನ್ನು ಕಾಯುವುದರಲ್ಲಿ ಸೋತಿದೆ. ಸರಿಪಡಿಸಲು ಹೊಸ ಕಾನೂನೂ ದೊಡ್ಡ ಹಣವೂ ಬೇಕಿಲ್ಲ. ಭದ್ರತೆಗೆ ಅಡ್ಡಿಯಾಗದಷ್ಟು ಮಾಹಿತಿಯನ್ನು, ಅಂದರೆ ರಸ್ತೆ ಯಾವ ಭಾಗದಲ್ಲಿ ಎಷ್ಟು ಹೊತ್ತು ಮುಚ್ಚಬಹುದು ಎಂಬುದನ್ನು ಜಿಲ್ಲಾಡಳಿತ ಹಿಂದಿನ ದಿನವೇ ಕನ್ನಡದಲ್ಲೂ ಕೊಂಕಣಿಯಲ್ಲೂ ಸಾರಲಿ. ನೆಲೆಯೊಳಗಿನ ಕಾರ್ಯಕ್ರಮಕ್ಕೆ ಸಾಧ್ಯವಾದಷ್ಟೂ ಹೆಲಿಕಾಪ್ಟರ್ ಬಳಸಲಿ. ವಿಮಾನ ಹಿಡಿಯುವವರಿಗೆ ಮಡಗಾಂವ್‌ವರೆಗೆ ಕೊಂಕಣ ರೈಲಿದೆ ಎಂದು ಅದೇ ಪ್ರಕಟಣೆಯಲ್ಲಿ ನೆನಪಿಸಲಿ. ಕಾಳಿ ಸೇತುವೆಯ ಎರಡೂ ತುದಿಯಲ್ಲಿ, ಆಂಬುಲೆನ್ಸ್ ಕಂಡರೆ ಯಾರ ಅಪ್ಪಣೆಗೂ ಕಾಯದೆ ದಾರಿ ಬಿಡುವ ಲಿಖಿತ ಅಧಿಕಾರವುಳ್ಳ ಒಬ್ಬ ಅಧಿಕಾರಿ ನಿಲ್ಲಲಿ. ಭೇಟಿ ಮುಗಿದ ಮೇಲೆ ರಸ್ತೆ ಎಷ್ಟು ಹೊತ್ತು ಮುಚ್ಚಿತ್ತು ಎಂಬ ಲೆಕ್ಕವನ್ನು ಜನರ ಮುಂದಿಡಲಿ. ಮುಂದಿನ ಗಣ್ಯರು ಬರುವ ಮೊದಲೇ ಜಿಲ್ಲಾಧಿಕಾರಿಗಳು ಈ ಆದೇಶ ಹೊರಡಿಸಬೇಕು; ಅದನ್ನು ಕೇಳಿ ಪಡೆಯುವ ಕೆಲಸ ಕಾರವಾರ, ಅಂಕೋಲೆಯ ನಮ್ಮೆಲ್ಲರದು.